ಸೇತುವೆಯ ಆಚೆ ಪರದೇಶ, ಈಚೆ ನಮ್ಮ ಮಾವ

ನಮ್ಮ ಸೋದರಮಾವನ ಹೆಂಡತಿ ಪರದೇಶದವರು ಎಂದರೆ ನೀವು ನಂಬುವುದಿಲ್ಲ. ಮುದ್ದೆ ತಿರುವುತ್ತಿದ್ದರು, ಉಪ್ಸಾರು ಮಾಡುತ್ತಿದ್ದರು, ನಮ್ಮಂತೆಯೇ ಬೈಯುತ್ತಿದ್ದರು. ಆದರೂ ಪರದೇಶದವರೇ! ಮಾವನ ಮನೆ ಮಳವಳ್ಳಿ, ಅತ್ತೆಯ ತವರು ಕೊಳ್ಳೇಗಾಲ, ನಡುವೆ ಕಾವೇರಿ. ಮೂವತ್ತರ ದಶಕದ ಮಾತು ಇದು. ಆಗ ಹೊಳೆಯ ಈಚೆ ಮಹಾರಾಜರ ಸೀಮೆ, ಆಚೆ ಇಂಗ್ಲಿಷರ ಸೀಮೆ. ಗಾಡಿಯಲ್ಲಿ ಒಂದು ದಿನದ ದಾರಿಯನ್ನು ಪರದೇಶ ಎಂದು ಕರೆಯುತ್ತಿದ್ದವರು ಇಡೀ ತಾಲ್ಲೂಕಿನಲ್ಲಿ ನಮ್ಮ ಮಾವ ಒಬ್ಬರೇ. ವಕೀಲರ ಗುಮಾಸ್ತರಲ್ಲವೇ!

ಜಗಳ ಶುರುವಾದದ್ದು ಕಾಫಿಯಿಂದ.

"ಇದೇನ್ ಕಾಫೀನಾ, ಒಳೆ ನೀರಾ?" ಎಂದರು ಮಾವ.

ಅತ್ತೆ ಕಾಫಿಬೀಜ ಪುಡಿ ಮಾಡುವ ಮಿಷನ್ನನ್ನು ಕಂಕುಳಲ್ಲಿ ಇರುಕಿಕೊಂಡು ತವರಿನ ಗಾಡಿ ಹತ್ತಿಬಿಟ್ಟರು. ನಮ್ಮಲ್ಲಿ ಮುನಿದು ಹೋದ ಹೆಂಡತಿಯನ್ನು ಗಂಡನೇ ಹೋಗಿ ಕರೆತರಬೇಕು. ಎರಡು ಮಾತಿನ ಕೆಲಸ. ಮಾವ ಮಾಡಿದ್ದೇನು ಗೊತ್ತೇ? ಮಿಷನ್ ವಾಪಸು ಕೊಡಿಸಬೇಕೆಂದು ಅತ್ತೆಯ ತಂದೆಯ ಮೇಲೆ ದಾವೆ ಹೂಡಿದರು!

ಆ ಮುದುಕರು ನಮ್ಮ ಕಡೆಯ ಕೋರ್ಟಿನತ್ತ ತಲೆಯನ್ನೂ ಹಾಕಲಿಲ್ಲ. ಮಾವನ ಪರವಾಗಿ ಡಿಕ್ರಿ ಆಯಿತು. ಮಾವ ಮೀಸೆ ತಿರುವುತ್ತಾ ಅದನ್ನು ಕೊಳ್ಳೇಗಾಲದ ವಕೀಲರೊಬ್ಬರಿಗೆ ಅಂಚೆಯಲ್ಲಿ ಕಳಿಸಿದರು. ಉತ್ತರ ಬಂತು: "ಇದು ಪರದೇಶದ ಕೋರ್ಟಿನ ತೀರ್ಪು. ಪ್ರತಿವಾದಿ ಅಲ್ಲಿ ಹಾಜರಾಗಿಲ್ಲ, ಆ ಕೋರ್ಟಿನ ಅಧಿಕಾರ ಒಪ್ಪಿಲ್ಲ. ಆದ್ದರಿಂದ ಇಲ್ಲಿ ಇದು ನಡೆಯುವುದಿಲ್ಲ."

ಮುದುಕರೇನು ಕಮ್ಮಿಯೇ? ಮದುವೆಯಲ್ಲಿ ಕೊಟ್ಟ ತಾಮ್ರದ ಹಂಡೆ ವಾಪಸು ಬರಲಿ ಎಂದು ತಮ್ಮ ಕಡೆಯ ಕೋರ್ಟಿನಲ್ಲಿ ಎದುರು ದಾವೆ! ಅಂದಿನಿಂದ ಮಾವ ಸೇತುವೆ ದಾಟುವುದನ್ನೇ ಬಿಟ್ಟರು. ಹೊಳೆಯ ಈಚೆ ದಡದ ಬೆಳಕವಾಡಿಗೆ ಊಟಕ್ಕೆ ಕರೆದರೂ ಹೊಳೆಗೆ ಬೆನ್ನು ಹಾಕಿ ಕೂರುತ್ತಿದ್ದರು.

ನಾನಾಗ ಮದ್ದೂರಿನಲ್ಲಿ ಮೇಷ್ಟರಾಗಿದ್ದೆ. ರಜೆಗೆ ಮಾವನ ಮನೆಗೆ ಹೋದಾಗ, "ಓಗಿ ಕರ್ಕಂಡ್ ಬನ್ನಿ ಮಾವ," ಎಂದೆ.

"ಅಲ್ಲಿ ಕಾಲಿಟ್ರೆ ಅವ್ರ ಕೋರ್ಟಿನ ಅಧಿಕಾರ ಒಪ್ಕಂಡಂಗೆ ಕಣ್ಲಾ! ಅಂಡೆ ಓಯ್ತದೆ."

"ಓದ್ರೆ ಓಗ್ಲಿ ಬುಡಿ. ಅತ್ತೆ ಬತ್ತಾರಲ್ಲ!"

ಮಾವ ಮುಖ ತಿರುಗಿಸಿದರು. ನಾಲ್ಕು ತಿಂಗಳಾಗಿತ್ತು. ಬೀದಿಯಲ್ಲಿ ಗಾಡಿ ಸದ್ದಾದರೆ ಬರೆಯುತ್ತಿದ್ದ ಅರ್ಜಿಯನ್ನು ಅಲ್ಲೇ ಬಿಟ್ಟು ಜಗುಲಿಗೆ ಬರುತ್ತಿದ್ದರು. ನನಗೆ ಅಯ್ಯೋ ಅನ್ನಿಸಿತು. ತಡೆಯಲಾರದೆ ಕೊಳ್ಳೇಗಾಲಕ್ಕೆ ನಾನೇ ಹೋದೆ.

ಅತ್ತೆ ಕೇಳಿದ ಮೊದಲ ಮಾತು, "ಅವ್ರು ಕಾಫಿಗೇನ್ ಮಾಡ್ಕತಾವ್ರಪ್ಪ?"

"ಕುಡಿಯೋದನ್ನೇ ಬುಟ್ಟವ್ರೆ ಅತ್ತೆ."

ಅತ್ತೆ ಗೋಡೆಯ ಗೂಡಿನ ಕಡೆ ನೋಡಿದರು. ಮಿಷನ್ ಅಲ್ಲಿತ್ತು. ಬಂದಾಗಿನಿಂದ ಅದಕ್ಕೆ ಒಂದು ಬೀಜವನ್ನೂ ಹಾಕಿರಲಿಲ್ಲವಂತೆ! "ಕೋರ್ಟು ಕಾಗ್ದಕ್ಕೆಲ್ಲ ನಾನು ಬರಾಕಿಲ್ಲ. ಬಂದು ಕರುದ್ರೆ ಬತ್ತೀನಿ," ಎಂದರು.

ಹಿಂದಿರುಗಿ ಎಲ್ಲವನ್ನೂ ಮಾವನಿಗೆ ಒಪ್ಪಿಸಿದೆ. ಅವರು ಮರುದಿನ ಬೆಳಿಗ್ಗೆ ಕೋರ್ಟಿಗೆ ಹೋಗುವ ಕೋಟು ತೊಟ್ಟು ಗಾಡಿ ಕಟ್ಟಿಸಿದರು. ನಾನೂ ಜೊತೆಗೆ ಹೊರಟು ಗಾಡಿಯೊಳಗೆ ಇಣುಕಿದರೆ, ತಾಮ್ರದ ಹಂಡೆ!

ಸೇತುವೆಯ ಮಧ್ಯೆ ನಾನು ಸುಮ್ಮನಿರಲಾರದೆ, "ಮಾವ, ಇಲ್ಲಿಂದಾಚೆ ಪರದೇಶ! ಅಧಿಕಾರ ಒಪ್ಕಂಡಂಗಾಯ್ತದೆ," ಎಂದೆ.

"ಸುಮ್ಕಿರ್ಲಾ. ಅವಳ ಅಧಿಕಾರ ನಾನು ಒಪ್ಕಂಡು ಇಪ್ಪತ್ತು ವರ್ಸ ಆಯ್ತು."

ಬಾಗಿಲಲ್ಲಿ ನಿಂತು ಮಾವ ಒಂದೇ ಮಾತು ಹೇಳಿದರು, "ನಡಿ, ಮನೆಗೋಗವ." ಅತ್ತೆ ಗೂಡಿನಿಂದ ಮಿಷನ್ ಇಳಿಸಿಕೊಂಡು ಒಳಗೆ ಹೋದರು. ಕಾಫಿ ಬಂತು. ನಾನೂ ಕುಡಿದೆ. ನಿಜ ಹೇಳುತ್ತೇನೆ, ನೀರಾಗಿಯೇ ಇತ್ತು! ಜೀವಮಾನದಲ್ಲಿ ಒಂದು ವಾದವನ್ನೂ ಬಿಟ್ಟುಕೊಡದ ನಮ್ಮ ಮಾವ ಲೋಟ ಬರಿದು ಮಾಡಿ ಮುಂದಕ್ಕೆ ಚಾಚಿದರು. "ಇನ್ನೊಸಿ ಕೊಡು," ಎಂದರು. ಅತ್ತೆ ಲೋಟ ತೆಗೆದುಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಮತ್ತೆ ಒಲೆಯ ಮುಂದೆ ಕೂತರು.