ಇಂಟರ್‌ವ್ಯೂ ನಡುವೆ ನಾನೆಸೆದ ಚೆಂಡು

ನಾನು ಬಹಳ ಶಾಂತ ಸ್ವಭಾವದವನು. ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಬೇರೆ ಯಾರೂ ಹೇಳುತ್ತಿಲ್ಲ!

ನ್ಯೂಯಾರ್ಕಿನ ಬ್ಯಾಂಕುಗಳು ಒಂದೊಂದಾಗಿ ಮಗುಚಿಕೊಂಡ ವರ್ಷ ನನ್ನ ಕೆಲಸವೂ ಹೋಯಿತು. ನ್ಯೂಯಾರ್ಕಿಗೆ ಹತ್ತಿರದ ಊರು ವುಡ್‌ಬ್ರಿಡ್ಜಿನ ನಮ್ಮ ಮನೆಯಲ್ಲಿ ಹಗಲು ಹೊತ್ತು ಕೂತ ಮೇಲೆಯೇ ಗೊತ್ತಾಗಿದ್ದು, ಪಕ್ಕದ ಮನೆಯ ಪೀಟ್ ಬ್ಯಾಂಜೊ ಬಾರಿಸುತ್ತಾನೆ ಅಂತ. ಪೀಟ್ ಬೇಸ್‌ಬಾಲ್ ಪಿಚರ್. ಚೆಂಡು ಎಸೆಯುವುದೇ ಉದ್ಯೋಗ. ಹನ್ನೆರಡು ವರ್ಷ ಸಣ್ಣ ಊರುಗಳ ತಂಡಗಳಲ್ಲಿ ಎಸೆದು, ಒಂದೇ ಒಂದು ಬೇಸಿಗೆ ದೊಡ್ಡ ತಂಡದಲ್ಲೂ ಎಸೆದು, ಈಗ ಭುಜದ ಆಪರೇಷನ್ ಆಗಿ ಮನೆಯಲ್ಲಿದ್ದ. ಬ್ಯಾಂಜೊ ಸಾಲದು ಅಂತ ಹಾಡು ಬೇರೆ! ಆ ಗಂಟಲಿಗೂ ಆಪರೇಷನ್ ಬೇಕಿತ್ತು.

"ಹೋಗಿ ನಯವಾಗಿ ಒಂದು ಮಾತು ಹೇಳ್ರೀ. ಇವತ್ತು ನಿಮ್ಮ ಫೋನ್ ಇಂಟರ್‌ವ್ಯೂ ಇದೆ," ಎಂದಳು ನನ್ನ ಹೆಂಡತಿ ಸುಧಾ.

"ನಾನ್ಯಾಕೆ ಹೇಳ್ಲಿ? ಅವನಿಗೇ ಬುದ್ಧಿ ಬೇಡ್ವಾ?"

ಅವಳು ಕ್ರ್ಯಾನ್‌ಬರಿ ಊರಿನಲ್ಲಿದ್ದ ತನ್ನ ಆಫೀಸಿಗೆ ಹೊರಟುಹೋದಳು.

ಹನ್ನೊಂದಕ್ಕೆ ಫೋನ್ ಬಂತು. ಎರಡು ತಿಂಗಳಲ್ಲಿ ಸಿಕ್ಕಿದ ಒಂದೇ ಇಂಟರ್‌ವ್ಯೂ! ಆ ಕಡೆಯ ಮ್ಯಾನೇಜರಮ್ಮ ಕೇಳಿದರು: "ಕೆಲಸದ ಒತ್ತಡ ಹೆಚ್ಚಾದಾಗ ಏನು ಮಾಡ್ತೀರಿ?"

"ನನಗೆ ಸಿಟ್ಟು ಅನ್ನೋದೇ ಬರಲ್ಲ," ಎಂದೆ.

ಟಣ್ ಟಣ್ ಟಣ್! ಬ್ಯಾಂಜೊ ಶುರು.

ಎರಡೂ ಮನೆಗಳ ನಡುವಿನ ಗೋಡೆಗೆ ಗುದ್ದಿದೆ. ನಮ್ಮ ಮದುವೆಯ ಫೋಟೊ ಬಿತ್ತು. ಬ್ಯಾಂಜೊ ನಿಲ್ಲಲಿಲ್ಲ.

"ಏನದು ಸದ್ದು?"

"ಮನೆ ರಿಪೇರಿ, ಒಂದು ನಿಮಿಷ," ಎಂದು ಫೋನಿನ ಮ್ಯೂಟ್ ಬಟನ್ ಒತ್ತಿ ಹಿತ್ತಲಿಗೆ ನುಗ್ಗಿದೆ. ನಮ್ಮ ಹುಲ್ಲಿನಲ್ಲಿ ಅವನದೇ ಒಂದು ಚೆಂಡು ಬಿದ್ದಿತ್ತು. ಅವನ ಹಿಂಬಾಗಿಲಿಗೆ ಗುರಿಯಿಟ್ಟು, ಹುಟ್ಟಿದಾಗಿನಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಸೇರಿಸಿ ಬೀಸಿದೆ.

ಫಳಾರ್! ನಮ್ಮದೇ ಅಡುಗೆಮನೆಯ ಕಿಟಕಿ!

ಪೀಟ್ ಹೊರಗೆ ಬಂದ. ಕಿಟಕಿ ನೋಡಿದ, ನನ್ನ ನೋಡಿದ.

"ಭುಜ ಬೇಗ ತಿರುಗಿಸಿಬಿಟ್ಟೆ. ಅದಕ್ಕೇ ಚೆಂಡು ಪಕ್ಕಕ್ಕೆ ಹೋಯ್ತು," ಎಂದ.

"ಪಾಠ ಹೇಳಬೇಡ! ನಿನ್ನ ದರಿದ್ರ ಬ್ಯಾಂಜೊದಿಂದ ಇಲ್ಲಿ ನನ್ನ ಕೆಲಸ ಹೋಗ್ತಿದೆ!"

"ನಂದೂ ಹೋಯ್ತು," ಎಂದ ಪೀಟ್. "ಬೆಳಿಗ್ಗೆ ತಂಡದವರು ಫೋನ್ ಮಾಡಿ, ಇನ್ನು ಬರಬೇಡ ಅಂದ್ರು. ಅದಕ್ಕೇ ಇವತ್ತು ಸ್ವಲ್ಪ ಜೋರಾಗಿತ್ತು. ಸಾರಿ."

ಇಷ್ಟು ದೊಡ್ಡ ಸಿಟ್ಟು ಹೊತ್ತು ಬಂದವನಿಗೆ ಅದನ್ನು ಇಳಿಸಲು ಜಾಗವೇ ಇಲ್ಲದಂತೆ ಮಾಡಿಬಿಟ್ಟ. ಅದಕ್ಕೂ ಸಿಟ್ಟು ಬಂತು!

ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಮಾತಾಡಿತು: "ರಿಪೇರಿ ಮುಗೀತಾ?" ನಾನು ಒತ್ತಿದ್ದು ಮ್ಯೂಟ್ ಅಲ್ಲ, ಸ್ಪೀಕರ್!

ಸಂಜೆ ಸುಧಾ ಕಿಟಕಿಗೆ ಅಂಟಿಸಿದ್ದ ರಟ್ಟನ್ನು ನೋಡಿ, "ನಯವಾಗಿ ಹೇಳಿದ್ರಿ ತಾನೇ?" ಎಂದಳು. ಆ ಕೆಲಸ ಸಿಗಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಪಿಜ್ಜಾ ಅಂಗಡಿಯೊಂದರಲ್ಲಿ ಪೀಟ್‌ನ ಹಾಡು. ಸುಧಾ ನನ್ನನ್ನು ಎಳೆದುಕೊಂಡು ಹೋದಳು. ಜನ ಕುಣಿದಾಡುತ್ತಿದ್ದರು. ನಾನೂ ಸಿಟ್ಟಿನಲ್ಲೇ, ಆದರೂ ಧಾರಾಳವಾಗಿ ಚಪ್ಪಾಳೆ ತಟ್ಟಿದೆ. ಸುಧಾ ನನ್ನ ಎರಡೂ ಕೈ ಅದುಮಿ ಹಿಡಿದಳು.

"ಸುಮ್ನಿರ್ರೀ. ನಿಮ್ಮಿಂದ ಪೀಟ್‌ಗೆ ತಾಳ ತಪ್ತಿದೆ!"