ಕಾಗಿಣಾ ನೋಡಲು ಬಂದ ಕಂಪನಿಗಳು

ಒಂದು ಭಾನುವಾರ ರೊಟ್ಟಿ ಮುರಿಯುತ್ತ ಅಮೃತಪ್ಪ ಭೀಷ್ಮಪ್ರತಿಜ್ಞೆ ಮಾಡಿಯೇಬಿಟ್ಟ: "ದೀಪಾವಳಿ ಒಳಗ ನನ್ನ ವಿಡಿಯೋದಿಂದ ಈ ಮನಿಗಿ ರೊಕ್ಕ ತರ್ಲಿಲ್ಲಂದ್ರ ನನ್ನ ಹೆಸರು ಅಮೃತಪ್ಪ ಅಲ್ಲ!"

ಹೆಂಡತಿ ನೀಲಾಬಾಯಿ ಹೊಲಿಗೆ ಮಷಿನ್ನಿನಿಂದ ತಲೆ ಎತ್ತಲಿಲ್ಲ. "ಮತ್ತೇನಂತ ಕರೀಲಿ, ಈಗೇ ಹೇಳಿ ಇಡ್ರಿ" ಎಂದಳು.

ಮಳಖೇಡದ ಸಿಮೆಂಟು ಕಾರ್ಖಾನೆಯೊಂದರಲ್ಲಿ ಲಾರಿ ತೂಗುವ ಕೆಲಸ ಅವನದು. ಹಗಲೆಲ್ಲ ಧೂಳು ನೋಡಿದ ಕಣ್ಣು ಸಂಜೆ ಕಾಗಿಣಾ ನದಿಯ ದಂಡೆಗೆ ಬಂದರೆ ಲೋಕವನ್ನೇ ಮರೆಯುತ್ತಿತ್ತು. ಹಳೇ ಕೋಟೆಯ ಗೋಡೆ ನೀರಿನಲ್ಲಿ ಕೆಂಪಾಗಿ ಅಲ್ಲಾಡುವುದನ್ನು ಅರ್ಧ ತಾಸು ಫೋನಿನಲ್ಲಿ ಹಿಡಿದು ತನ್ನ ಚಾನೆಲ್ಲಿಗೆ ಹಾಕುತ್ತಿದ್ದ. ಆ ವಿಡಿಯೋದಲ್ಲಿ ಏನೂ ಆಗುವುದಿಲ್ಲ. ಒಂದು ಎಮ್ಮೆ ಬಂದು ನೀರಿಗಿಳಿಯುತ್ತದೆ, ಅಷ್ಟೆ. ಆದರೆ ದುಬೈಯಿಂದ ಜಪಾನಿನವರೆಗೆ ಜನ ಕೈಕೆಲಸ ಬಿಟ್ಟು ಆ ಎಮ್ಮೆಯನ್ನೇ ನೋಡುತ್ತ ಕುಳಿತಂತೆ ಅವನಿಗೆ ಕಾಣುತ್ತಿತ್ತು.

ಕೊರತೆ ಒಂದೇ, ಒಳ್ಳೆಯ ಕ್ಯಾಮೆರಾ. ಕಾರ್ಖಾನೆಯ ಹಳೇ ಬೂಟಿನೊಳಗೆ ಗುಟ್ಟಾಗಿ ಕೂಡಿಟ್ಟ ಹಣ ಅದಕ್ಕೆ ಸಾಲದು. ಹಾಗಾಗಿ ಅವನ ಕಣ್ಣು ಹೆಂಡತಿಯ ಮಷಿನ್ನಿನ ಮೇಲೆ ಬಿತ್ತು. ಅದು ತವರಿನಿಂದ ಬಂದದ್ದು, ಇಪ್ಪತ್ತಾರು ವರ್ಷ ಓಣಿಯ ಜಂಪರುಗಳನ್ನೆಲ್ಲ ಹೊಲಿದದ್ದು. ರಿಪೇರಿಗೆಂದು ಒಯ್ದು ಮಾರಿಬಿಟ್ಟರಾಯಿತು, ವಿಡಿಯೋದ ರೊಕ್ಕ ಬಂದ ಮೇಲೆ ಹೊಸದು ಕೊಡಿಸಿದರಾಯಿತು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದ. ನಾಲ್ಕು ದಿನ ಫೋನಿನಲ್ಲಿ ಹಳೇ ಮಷಿನ್ನಿನ ದರ ಹುಡುಕಿದ.

ಐದನೆಯ ದಿನ ಅವನ ನದಿಯ ವಿಡಿಯೋಕ್ಕೆ ಜಾಹೀರಾತು ಬಂತು. ಮೊಬೈಲ್ ಅಂಗಡಿಯ ಗೆಳೆಯ ಮಶಾಕನ ಫೋನಿನಲ್ಲಿ ಎಮ್ಮೆಗಿಂತ ಮೊದಲು ಕೂದಲು ಬೆಳೆಸುವ ಎಣ್ಣೆ ಕಾಣಿಸಿತು. ಮಶಾಕ ತಲೆಯ ಟೊಪ್ಪಿಗೆ ಸರಿಮಾಡಿಕೊಂಡ. ಅಮೃತಪ್ಪನಿಗೆ ಸ್ವರ್ಗಕ್ಕೆ ಮೂರೇ ಗೇಣು.

"ಕಂಪನಿ ಬರಾಕತ್ತಾವ ಮಶಾಕ. ಸಂಜಿಗಿ ಮನಿಗಿ ಬಾ, ಟಿವ್ಯಾಗ ನೋಡಮ್."

ಸಂಜೆ ಫೋನನ್ನು ಟಿವಿಗೆ ಜೋಡಿಸಿದ. ನೀಲಾಬಾಯಿ ಚುರುಮುರಿ ಸುಸಲಾ, ಚಹಾ ತಂದಿಟ್ಟು ಕುಳಿತಳು. ಮೊದಲು ಬಂದದ್ದು ನದಿಯಲ್ಲ, ನಗುಮುಖದ ಒಬ್ಬ ಮನುಷ್ಯ: "ಮನೆಯಲ್ಲಿ ಹಳೆಯ ಹೊಲಿಗೆ ಯಂತ್ರ ಇದೆಯೇ? ಇಂದೇ ಮಾರಿ, ಕೈತುಂಬ ಹಣ ಪಡೆಯಿರಿ!"

"ನಮ್ಮ ಮನ್ಯಾಗ ಮಷಿನ್ ಅದ ಅಂತ ಇವನಿಗಿ ಯಾರ್ ಹೇಳ್ಯಾರ?" ನೀಲಾಬಾಯಿ ಕೇಳಿದಳು.

"ಎಲ್ಲಾರಿಗೂ ಇದೇ ಬರ್ತದ" ಎಂದ ಅಮೃತಪ್ಪ. ಲಗುಬಗೆಯಿಂದ ಚಹಾಕ್ಕೆ ಕೈ ಹಾಕಿದ.

ಮಶಾಕ, ಪಾಪ, ಸತ್ಯವಂತ. "ಇಲ್ರಿ ವೈನಿ, ನನಗ ಎಣ್ಣಿ ಬರ್ತದ. ಯಾರ್ ಏನ್ ಹುಡುಕ್ತಾರ, ಅವರಿಗಿ ಅದೇ ಬರ್ತದ. ನಾವು ಪುಕ್ಕಟ ನೋಡಾಕತ್ತೀವಿ ಅಂತ ತಿಳ್ಕೋತೀವಿ. ಅವ್ರು ನಮ್ಮ ಮನಸ್ಸಿನ್ಯಾಗ ಏನದ ತಿಳ್ಕೊಂಡು, ನಮ್ಮ ಕಣ್ಣಮುಂದಿನ ಜಾಗಾ ಅಂಗಡ್ಯಾವರಿಗಿ ಮಾರ್ತಾರ. ಅದೇ ಅವ್ರ ಗಳಿಕಿ."

"ಅದ್ರಾಗ ಇವರಿಗೆಷ್ಟ್ ಬರ್ತದ?"

"ಇವ್ರ ಚಾನೆಲ್ಲಿಗಿ ಸಾವಿರ ಮಂದಿ ಸೇರೋತನಕ ಏನೂ ಇಲ್ರಿ. ಈಗ ನಲವತ್ತೊಂದು ಮಂದಿ ಆಗ್ಯಾರ. ಅದ್ರಾಗ ನಾ ಒಬ್ಬ."

ಟಿವಿಯಲ್ಲಿ ಎಮ್ಮೆ ನೀರಿಗಿಳಿಯಿತು. ತಾನೂ ಅದರ ಹಿಂದೆ ಇಳಿದು ಮುಳುಗಿಬಿಡಬೇಕು ಎನ್ನಿಸಿತು ಅಮೃತಪ್ಪನಿಗೆ. ನೀಲಾಬಾಯಿ ಬೈಯಲಿಲ್ಲ. ಮಷಿನ್ನಿನ ಮೇಲೆ ಬಟ್ಟೆ ಹೊದಿಸಿ, "ನಮ್ಮವ್ವ ಕೊಟ್ಟಿದ್ದು" ಎಂದಷ್ಟೇ ಹೇಳಿ ಒಳಗೆ ಹೋದಳು. ಬೈದಿದ್ದರೇ ಒಳ್ಳೆಯದಿತ್ತು.

ಮರುದಿನದಿಂದ ಒಂದು ಸೋಜಿಗ ಶುರುವಾಯಿತು. ನದಿ ತೆರೆದರೆ ಸಾಕು, ಹಳೇ ಮಷಿನ್ನಿಗೆ ಜೋಡಿಸುವ ಮೋಟರಿನ ಜಾಹೀರಾತು. ಬೆಳಿಗ್ಗೆ ಮೋಟರು, ಸಂಜೆ ಮೋಟರು. ದಂಡೆಯ ಮೇಲೆ ಕುಳಿತರೆ ನೀರಿನ ಸಪ್ಪಳವೂ 'ಮೋಟರು, ಮೋಟರು' ಎಂದೇ ಕೇಳತೊಡಗಿತು. ಇಪ್ಪತ್ತಾರು ವರ್ಷ ಮಷಿನ್ ತುಳಿದ ಹೆಂಡತಿಯ ಪಾದಗಳು ಕಣ್ಣಿಗೆ ಕಟ್ಟಿದವು. ಕಾಗಿಣಾ ತಾಯಿಯೇ ತನಗೆ ಬುದ್ಧಿ ಹೇಳುತ್ತಿದ್ದಾಳೆ ಎಂದು ಅವನ ಕಣ್ಣು ತುಂಬಿ ಬಂತು. ಎಂಟನೆಯ ದಿನ ಗುಂಡಿ ಒತ್ತಿ ಮೋಟರು ತರಿಸಿದ, ಬೂಟಿನ ಹಣ ಎಣಿಸಿ ಕೊಟ್ಟ.

ಕಾಲ್ಬೆರಳು ಸೋಕಿಸಿದರೆ ಸಾಕು, ಮಷಿನ್ನು ಗುಂಯ್ ಎಂದು ಓಡಿತು. ನೀಲಾಬಾಯಿಯ ಮುಖ ಅರಳಿತು.

"ನೋಡು, ಆ ನದೀನೇ ನನ್ನ ಕೈಲೆ ತರಿಸ್ತು" ಎಂದ ಅಮೃತಪ್ಪ, ಗದ್ಗದಿತನಾಗಿ.

"ನದಿ ಅಲ್ರಿ. ದಿನಾ ನೀವು ಜಳಕಕ್ಕ ಹೋದಾಗ ನಿಮ್ಮ ಫೋನ್ ತಗೊಂಡು 'ಮಷಿನ್ ಮೋಟರ್' ಅಂತ ನಾನೇ ಹುಡುಕ್ತಿದ್ದೆ."

ಅಮೃತಪ್ಪ ಫೋನು ತೆಗೆದು ಹುಡುಕಿದ್ದರ ಪಟ್ಟಿ ನೋಡಿದ.

"ಹೆಸರು ಬದ್ಲಿ ಮಾಡ್ಕೋಬ್ಯಾಡ್ರಿ" ಎಂದಳು ನೀಲಾಬಾಯಿ, ಹಲ್ಲಿನಿಂದ ದಾರ ಕಡಿಯುತ್ತ. "ವಿಡಿಯೋದಿಂದ ಈ ಮನಿಗಿ ರೊಕ್ಕ ತರ್ತೀನಿ ಅಂದಿದ್ರಿ, ಖರೇ ಆಯ್ತು. ಬೂಟಿನ್ಯಾಗಿಂದು ಅಷ್ಟೂ ಬಂತು."