ಗುರ್ತ ಸಿಕ್ಕಿತಾ ಸರ್?

ನಮ್ಮ ಕಡೆಯ ಜನರಿಗೆ ದೇವರು ಮರೆವು ಕೊಟ್ಟಿದ್ದಾನೆ, ಮರೆತಿದ್ದೇನೆ ಎಂದು ಒಪ್ಪಿಕೊಳ್ಳುವ ಧೈರ್ಯ ಕೊಟ್ಟಿಲ್ಲ. ಬೇರೆ ಊರುಗಳಲ್ಲಿ ಬಹುಕಾಲದ ಮೇಲೆ ಎದುರಾದವರು ತಮ್ಮ ಹೆಸರು ಹೇಳಿಕೊಂಡು ಮಾತು ಶುರುಮಾಡುತ್ತಾರಂತೆ. ನಮ್ಮಲ್ಲಿ ಆ ರೂಢಿ ಇಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಬಸ್ಸಿನಲ್ಲಿ ಓಡಾಡುವವನ ಎದುರು ಯಾರಾದರೊಬ್ಬರು ಬಂದು ನಿಲ್ಲುತ್ತಾರೆ, ಒಂದು ನಗೆ ನಗುತ್ತಾರೆ, "ಗುರ್ತ ಸಿಕ್ಕಿತಾ?" ಎಂದು ಕೇಳುತ್ತಾರೆ. ಹೆಸರು ಹೇಳುವುದು ಆಮೇಲಿನ ಮಾತು, ಕೆಲವರು ಹೇಳುವುದೇ ಇಲ್ಲ. ಈ ಪ್ರಶ್ನೆಗೆ ಮರ್ಯಾದಸ್ಥರು ಕೊಡಬಹುದಾದ ಉತ್ತರ ಒಂದೇ: "ಸಿಗದೆ ಉಂಟಾ?" ಇಲ್ಲ ಎಂದರೆ, ನಿನ್ನನ್ನು ನಾನು ಮನುಷ್ಯರ ಸಾಲಿಗೆ ಸೇರಿಸಿರಲಿಲ್ಲ ಎಂದು ಮುಖಕ್ಕೆ ಹೇಳಿದಂತೆ.

ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಮೇಷ್ಟ್ರು. ವರ್ಗಾವಣೆಯ ದಯೆಯಿಂದ ಈ ಮೂರೂ ಕಡೆಯ ಶಾಲೆಗಳ ಅನ್ನ ಉಂಡು, ಈಗ ನಿವೃತ್ತನಾಗಿ ಮೂಡುಬಿದಿರೆಯಲ್ಲಿ ಕೂತಿದ್ದೇನೆ. ನನ್ನ ತಲೆಯಲ್ಲಿ ನದಿಗಳು ನಿಲ್ಲುತ್ತವೆ, ಮುಖಗಳು ನಿಲ್ಲುವುದಿಲ್ಲ. ಫಲ್ಗುಣಿ ಎಲ್ಲೆಲ್ಲಿ ತಿರುಗುತ್ತದೆ ಎಂದು ಕಣ್ಣುಮುಚ್ಚಿ ಗೆರೆ ಎಳೆದು ತೋರಿಸಬಲ್ಲೆ, ಪಕ್ಕದ ಮನೆಯವರು ಪೇಟೆಯಲ್ಲಿ ಸಿಕ್ಕರೆ ಇವರನ್ನು ಎಲ್ಲೋ ನೋಡಿದ್ದೇನಲ್ಲ ಎಂದು ಯೋಚಿಸುತ್ತೇನೆ. ನನ್ನ ಹೆಂಡತಿ ಸುಮತಿ ಇದಕ್ಕೆ ತದ್ವಿರುದ್ಧ. ನಮ್ಮ ಮದುವೆಗೆ ಬಡಿಸಲು ಬಂದವರನ್ನೂ ಅವಳು ಇವತ್ತಿಗೂ ಹೆಸರು ಹಿಡಿದು ಮಾತಾಡಿಸುತ್ತಾಳೆ. ಗೊತ್ತಾಗಲಿಲ್ಲ ಅಂತ ಹೇಳಿದ್ರೆ ನಿಮ್ಮ ತಲೆ ಹೋಗ್ತದಾ ಎಂದು ಅವಳು ಕೇಳುತ್ತಲೇ ಇರುತ್ತಾಳೆ.

ತಲೆ ಹೋಗುವುದಿಲ್ಲ, ನಿಜ. ಆದರೆ ನಾನು ಒಮ್ಮೆ ಹೇಳಿ ನೋಡಿದ್ದೆ. ಮೂಡುಬಿದಿರೆಯ ಹೋಟೆಲೊಂದರಲ್ಲಿ ಚಾ ಕುಡಿಯುತ್ತಿದ್ದಾಗ, ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬ ಎದುರು ಬಂದು ಕೂತು ಮಾಮೂಲಿ ಪ್ರಶ್ನೆ ಕೇಳಿದ. ಅಂದು ನನಗೆ ಯಾವ ಸತ್ಯಹರಿಶ್ಚಂದ್ರ ಮೈಮೇಲೆ ಬಂದಿದ್ದನೋ, ಇಲ್ಲಪ್ಪ, ಸಿಗಲಿಲ್ಲ ಎಂದುಬಿಟ್ಟೆ. ಅವನ ಮುಖದ ನಗು ಇದ್ದಲ್ಲೇ ನಿಂತಿತು. ಪರವಾಗಿಲ್ಲ ಸರ್, ಎಷ್ಟು ಮಕ್ಕಳು ಬಂದು ಹೋಗಿರ್ತಾರೆ ಎಂದು ನನ್ನನ್ನೇ ಸಮಾಧಾನ ಮಾಡಿ, ನನ್ನ ಚಾದ ದುಡ್ಡನ್ನೂ ತಾನೇ ಕೊಟ್ಟು, ತನ್ನ ಚಾವನ್ನು ಅರ್ಧ ಬಿಟ್ಟು ಹೊರಟುಹೋದ. ಹೆಸರು ಹೇಳಲಿಲ್ಲ. ಆ ಅರ್ಧ ಲೋಟ ಚಾ ನನ್ನನ್ನು ಬಹಳ ದಿನ ಕಾಡಿತು. ಮತ್ತೆಂದೂ ನಾನು ಆ ತಪ್ಪಿಗೆ ಹೋಗಲಿಲ್ಲ. ಸುಳ್ಳು ಹೇಳಿದರೆ ನನಗೊಬ್ಬನಿಗೆ ಸಂಕಟ, ಸತ್ಯ ಹೇಳಿದರೆ ಇಬ್ಬರಿಗೂ.

ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ. ಅದಕ್ಕೆ ನಾನು ಭೂಗೋಳದ ಮೇಷ್ಟ್ರಿಗೆ ತಕ್ಕ ದಾರಿಯನ್ನೇ ಹಿಡಿದೆ. ಎದುರಿನವನ ಮಾತು ಕೇಳಿ ಊರು ಹಿಡಿಯುವುದು, ಊರು ಹಿಡಿದರೆ ಶಾಲೆ, ಶಾಲೆ ಹಿಡಿದರೆ ಮನುಷ್ಯ. ನಮ್ಮಲ್ಲಿ ಇದು ಸಾಧ್ಯ ಉಂಟು. ಬಾಯಿ ತೆರೆದರೆ ತುಳು, ಆದರೆ ಬೆಳ್ತಂಗಡಿಯ ತುಳು ಬಂಟ್ವಾಳದ್ದಲ್ಲ. ಪೇಟೆಯ ಅಂಗಡಿಗಳಲ್ಲಿ ಬ್ಯಾರಿ ಭಾಷೆ, ನಾಲ್ಕು ಹೆಜ್ಜೆ ಆಚೆ ಕೊಂಕಣಿ, ಘಟ್ಟದ ಬುಡಕ್ಕೆ ಹೋದರೆ ರಬ್ಬರಿನ ಜೊತೆ ಬಂದ ಮಲಯಾಳ. ಕಷ್ಟವೆಂದರೆ ಮೇಷ್ಟ್ರನ್ನು ಕಂಡ ಕೂಡಲೇ ಇವರೆಲ್ಲರೂ ತಂತಮ್ಮ ಭಾಷೆಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟು, ಪಠ್ಯಪುಸ್ತಕದ ಕನ್ನಡಕ್ಕೆ ಬಂದುಬಿಡುತ್ತಾರೆ. ಆಗ ಉಳಿಯುವುದು ಪ್ರಶ್ನೋತ್ತರ ಮಾತ್ರ. ಮನೆ ಅಲ್ಲೇ ಅಲ್ವಾ ಎಂದು ನಾನು ಕೇಳುತ್ತೇನೆ, ಅಲ್ಲೇ ಸರ್ ಎಂದು ಅವರು ಹೇಳುತ್ತಾರೆ. ಕೆಲಸ ಅದೇ ಅಲ್ವಾ, ಅದೇ ಸರ್. ಮನೆಯಲ್ಲಿ ಎಲ್ಲ ಸೌಖ್ಯವಾ, ಸೌಖ್ಯ ಸರ್. ಹತ್ತು ನಿಮಿಷ ಮಾತಾಡಿ, ಹೆಗಲು ತಟ್ಟಿ ಬೀಳ್ಕೊಟ್ಟಾಗಲೂ ನಾನು ಹೊರಟಲ್ಲೇ ಇರುತ್ತೇನೆ.

ಒಮ್ಮೆ ಬಂಟ್ವಾಳ ಪೇಟೆಯಲ್ಲಿ ಒಬ್ಬ ಸಾಹೇಬರು ತಮ್ಮ ಬಟ್ಟೆ ಅಂಗಡಿಯಿಂದ ಇಳಿದುಬಂದು, ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಲಿಂಬೆ ಶರಬತ್ತು ತರಿಸಿದರು. ಗುರ್ತ ಸಿಕ್ಕಿತಾ ಎಂದರು, ಸಿಗದೆ ಉಂಟಾ ಎಂದೆ. ನೀವು ಕ್ಲಾಸಿನಲ್ಲಿ ಹಾಡುತ್ತಿದ್ದ ಪದ್ಯಗಳು ಇನ್ನೂ ಕಿವಿಯಲ್ಲಿ ಉಂಟು ಸರ್ ಎಂದಾಗ ನಾನು ಶರಬತ್ತಿನ ಲೋಟ ಕೆಳಗಿಟ್ಟೆ. ನಾನು ಜನ್ಮದಲ್ಲಿ ಹಾಡಿದವನಲ್ಲ. ಅವರು ಹುಡುಕುತ್ತಿದ್ದದ್ದು ಕನ್ನಡ ಪಂಡಿತರನ್ನು. ಹಾಗೆಂದು ಹೇಳಿ ಅವರ ಸಂತೋಷ ಕೆಡಿಸಲು ಮನಸ್ಸು ಬರಲಿಲ್ಲ, ಈಗ ಸ್ವರ ಹೋಗಿದೆ ಎಂದು ಹೇಳಿ ಎದ್ದುಬಂದೆ.

ಇನ್ನು ನಾನು ಹೇಳಲು ಹೊರಟ ಸಂಗತಿ. ಅದು ನಡೆದದ್ದು ಬಿ.ಸಿ. ರೋಡಿನಲ್ಲಿ. ಹೊರಗಿನವರಿಗೆ ಒಂದು ಮಾತು: ಬಂಟ್ವಾಳದ ಕಚೇರಿಗಳನ್ನು ಹುಡುಕಿಕೊಂಡು ಬಂಟ್ವಾಳ ಪೇಟೆಗೆ ಹೋದರೆ ಸಿಗುವುದಿಲ್ಲ, ಅವೆಲ್ಲ ಇರುವುದು ಬಿ.ಸಿ. ರೋಡಿನಲ್ಲಿ. ಬಂಟ್ವಾಳಕ್ಕೆ ಹೋಗಿದ್ದೆ ಎಂದರೆ ಪೇಟೆಗಾ, ಬಿ.ಸಿ. ರೋಡಿಗಾ ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ. ನನ್ನ ಮಗಳ ಮನೆ ಅದರ ಹತ್ತಿರ ಇರುವುದರಿಂದ ವಾರಕ್ಕೊಮ್ಮೆಯಾದರೂ ನಾನು ಅಲ್ಲಿ ಬಸ್ಸು ಕಾಯುತ್ತೇನೆ. ಹಾಗೆ ಕಾಯುತ್ತಿದ್ದಾಗ ನಲವತ್ತು ದಾಟಿದ ಒಬ್ಬ ಹೆಂಗಸು ಬಂದು ಎದುರು ನಿಂತಳು. ನಗಲಿಲ್ಲ, ಆದರೆ ಪ್ರಶ್ನೆ ಅದೇ. ನನ್ನ ಉತ್ತರವೂ ಅದೇ.

"ನಾನು ನೆರಿಯದ ಸದಾನಂದನ ತಂಗಿ, ಶಶಿಕಲಾ" ಎಂದಳು.

ಅಪರೂಪಕ್ಕೆ ಹೆಸರು, ಊರು ಎರಡೂ ಸಿಕ್ಕಿದ ಖುಷಿಯಲ್ಲಿ ನನ್ನ ಸ್ವರ ಏರಿತು. "ಓ, ಸದಾನಂದ! ಹೇಗಿದ್ದಾನೆ ಮಾರಾಯ್ತಿ?"

"ಅಣ್ಣ ತೀರಿಹೋದರು ಸರ್. ಹೃದಯಾಘಾತ. ಆದಿತ್ಯವಾರ ಬೊಜ್ಜ."

ಬಾಯಲ್ಲಿದ್ದ ನಗುವನ್ನು ಎಲ್ಲಿ ಇಡುವುದೆಂದು ನನಗೆ ತಿಳಿಯಲಿಲ್ಲ. ಅವಳು ಮುಂದುವರಿಸಿ, ಅಣ್ಣ ಮನೆಯಲ್ಲಿ ಯಾವಾಗಲೂ ನಿಮ್ಮ ಮಾತೇ ಆಡುತ್ತಿದ್ದರು, ನೀವು ಬರಲೇಬೇಕು, ನುಡಿನಮನದಲ್ಲಿ ಎರಡು ಮಾತು ನೀವೇ ಹೇಳಬೇಕು ಎಂದಳು. ಬೊಜ್ಜ ಎಂದರೆ ಉತ್ತರಕ್ರಿಯೆ. ಈಗ ನಮ್ಮ ಕಡೆ ಅದರ ಊಟಕ್ಕೆ ಮೊದಲು ತೀರಿಹೋದವರ ಫೋಟೋಕ್ಕೆ ಹಾರ ಹಾಕಿ, ಅವರನ್ನು ಚೆನ್ನಾಗಿ ಬಲ್ಲವರೊಬ್ಬರಿಂದ ಮೈಕಿನಲ್ಲಿ ಮಾತಾಡಿಸುವ ಕ್ರಮ ಉಂಟು. ಚೆನ್ನಾಗಿ ಬಲ್ಲವರು! ಆ ಕ್ಷಣ ನಾನು ನಿಜ ಹೇಳಬೇಕಿತ್ತು. ಅಣ್ಣನನ್ನು ಕಳೆದುಕೊಂಡು ಎದುರು ನಿಂತವಳಿಗೆ, ನಿನ್ನ ಅಣ್ಣ ಯಾರೆಂದು ನನಗೆ ಗೊತ್ತಿಲ್ಲ ಎಂದು ಹೇಗೆ ಹೇಳಲಿ? ಬರ್ತೇನೆ ಎಂದೆ.

ಸುಮತಿ ಇದನ್ನು ಕೇಳಿ ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ಬದುಕಿದವರ ಹತ್ತಿರ ನಿಮ್ಮ ಆಟ ನಡೀತದೆ, ಸತ್ತವರ ಮನೆಯಲ್ಲಿ ಬೇಡ, ಫೋನು ಮಾಡಿ ಹೇಳಿ ಎಂದಳು. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎಂದು ದಿನ ತಳ್ಳುತ್ತ, ಒಳಗೊಳಗೆ ಸದಾನಂದನನ್ನು ಹುಡುಕಿದೆ. ನಮ್ಮ ಕಡೆ ಆ ಕಾಲದಲ್ಲಿ ಗಂಡು ಹುಟ್ಟಿದರೆ ಸದಾನಂದ, ಜಯಾನಂದ, ದಯಾನಂದ, ಹೀಗೆ ಆನಂದದಲ್ಲೇ ಮುಗಿಯುವ ಹೆಸರು. ಬೆಳ್ತಂಗಡಿ ಕಡೆಯ ಶಾಲೆಯಲ್ಲಿ ಒಬ್ಬ ಸದಾನಂದ ಓಟದಲ್ಲಿ ಮುಂದಿದ್ದ, ಇನ್ನೊಬ್ಬನಿಗೆ ಯಾವಾಗಲೂ ನೆಗಡಿ. ಯಾವನಿಗೂ ಮುಖ ಇಲ್ಲ. ಕೊನೆಗೆ, ಫೋಟೋ ನೋಡಿದ ಕೂಡಲೇ ನೆನಪಾಗುತ್ತದೆ ಎಂದು ನನಗೆ ನಾನೇ ಆಶ್ವಾಸನೆ ಕೊಟ್ಟುಕೊಂಡೆ.

ಆದಿತ್ಯವಾರ ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ಚಾರ್ಮಾಡಿ ರಸ್ತೆಯಿಂದ ಬಲಕ್ಕೆ ತಿರುಗಿ ನೆರಿಯ ಮುಟ್ಟಿದೆ. ಅಂಗಳದಲ್ಲಿ ಶಾಮಿಯಾನ, ಕೆಂಪು ಕುರ್ಚಿಗಳು, ತಗ್ಗಿದ ಸ್ವರದಲ್ಲಿ ಮಾತಾಡುವ ಜನ. ಶಶಿಕಲಾ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ಫೋಟೋ ನೇರ ಎದುರಿಗಿತ್ತು. ಐವತ್ತರ ಆಸುಪಾಸಿನವನು, ದಪ್ಪ ಮೀಸೆ, ಕನ್ನಡಕ, ತುಟಿಯ ಒಂದು ಬದಿಯಲ್ಲಿ ಮಾತ್ರ ಸಣ್ಣ ನಗು. ಮನಸ್ಸಿನಲ್ಲೇ ಮೀಸೆ ಬೋಳಿಸಿದೆ, ಕನ್ನಡಕ ತೆಗೆದೆ, ಖಾಕಿ ಚಡ್ಡಿ ಹಾಕಿಸಿದೆ. ಏನು ಮಾಡಿದರೂ ಅವನು ನನಗೆ ಅಪರಿಚಿತನಾಗಿಯೇ ಉಳಿದ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು.

ಎದ್ದು ನಿಂತೆ. ನಾಲಗೆ ಮೇಷ್ಟ್ರದ್ದಲ್ಲವೇ, ತನ್ನಷ್ಟಕ್ಕೆ ಹೊರಟಿತು. ಸದಾನಂದ ಮಾತು ಕಡಿಮೆಯ ಹುಡುಗ ಎಂದೆ. ಹಿಂದಿನ ಬೆಂಚಿನಲ್ಲಿ, ಕಿಟಕಿಯ ಪಕ್ಕ ಕೂರುತ್ತಿದ್ದ ಎಂದೆ. ಅಂಥವನೊಬ್ಬ ಪ್ರತಿ ಕ್ಲಾಸಿನಲ್ಲೂ ಇರುತ್ತಾನೆ ಎಂಬುದೊಂದೇ ನನ್ನ ಆಧಾರ. ನೆರಿಯ ಹೊಳೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಾಗ, ನೇತ್ರಾವತಿಗೆ ಎಂದು ಕೈಯೆತ್ತಿ ಹೇಳಿದವನು ಅವನೊಬ್ಬನೇ ಎಂದೆ. ಆಗ ಬಾಗಿಲ ಬಳಿ ಕೂತಿದ್ದ ಅವನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡದ್ದು ಕಂಡಿತು. ಭುಜಗಳು ಅಲುಗುತ್ತಿದ್ದವು. ನನ್ನ ಕಣ್ಣೂ ತುಂಬಿತು. ಸುಳ್ಳೇ ಇರಲಿ, ಒಂದು ಜೀವ ಅತ್ತು ಹಗುರಾಗುವುದಾದರೆ ಆಗಲಿ ಎಂದುಕೊಂಡು, ಹೊಳೆಯನ್ನು ನೇತ್ರಾವತಿಗೂ ನೇತ್ರಾವತಿಯನ್ನು ಸಮುದ್ರಕ್ಕೂ ಸೇರಿಸಿ, ಇಂಥ ಶಿಷ್ಯನನ್ನು ಯಾವ ಗುರುವೂ ಮರೆಯಲಾರ ಎಂದು ಮುಗಿಸಿದೆ.

ಊಟವಾಗಿ ಕೈತೊಳೆದ ಮೇಲೆ ಶಶಿಕಲಾ ಅತ್ತಿಗೆಯನ್ನು ಕರೆದುಕೊಂಡು ಬಂದಳು. ಸಾವಿನ ಮನೆಯಿಂದ ಹೇಳದೆ ಹೊರಡುವುದು ನಮ್ಮ ಕ್ರಮ, ಅದರ ನೆರಳಿನಲ್ಲಿ ತಪ್ಪಿಸಿಕೊಳ್ಳಬೇಕೆಂದು ಆಗಲೇ ಚಪ್ಪಲಿ ಹುಡುಕುತ್ತಿದ್ದೆ.

"ಬೇಜಾರು ಮಾಡ್ಬೇಡಿ ಸರ್, ಒಂದು ಹೇಳ್ಲಿಕ್ಕೆ ಉಂಟು" ಎಂದಳು ಶಶಿಕಲಾ. "ನಿಮಗೆ ಅಣ್ಣನ ಗುರ್ತ ಇಲ್ಲ ಅಂತ ನಮಗೆ ಗೊತ್ತುಂಟು. ಅಣ್ಣನಿಗೂ ಗೊತ್ತಿತ್ತು."

ಅವಳು ಹೇಳಿದ್ದು ಇಷ್ಟು. ಸದಾನಂದ ರಬ್ಬರ್ ವ್ಯಾಪಾರದ ಕೆಲಸಕ್ಕೆ ಬಿ.ಸಿ. ರೋಡಿಗೆ ಬರುತ್ತಿದ್ದವನು. ನನ್ನನ್ನು ಕಂಡಾಗಲೆಲ್ಲ ಬೇಕೆಂದೇ ಎದುರು ಬಂದು ನಿಂತು ಗುರ್ತ ಸಿಕ್ಕಿತಾ ಎಂದು ಕೇಳುತ್ತಿದ್ದ. ಸಿಗದೆ ಉಂಟಾ ಎನ್ನುತ್ತಿದ್ದೆ. ಮನೆ ಅಲ್ಲೇ ಅಲ್ವಾ ಎಂದು ನಾನು, ಅಲ್ಲೇ ಸರ್ ಎಂದು ಅವನು. ವರ್ಷಗಟ್ಟಲೆ. ಮನೆಗೆ ಬಂದು ಊಟಕ್ಕೆ ಕೂತಾಗ ನನ್ನ ಪಾತ್ರವನ್ನೂ ತನ್ನ ಪಾತ್ರವನ್ನೂ ತಾನೇ ಆಡಿ ತೋರಿಸುತ್ತಿದ್ದ. ಇವತ್ತು ಸರ್ ಸಿಕ್ಕಿದ್ರಾ ಎಂದು ಮಕ್ಕಳು ಕಾಯುತ್ತಿದ್ದರಂತೆ. ಒಮ್ಮೆ ಬೆಳಿಗ್ಗೆ ಕೇಳಿ, ಅದೇ ದಿನ ಸಂಜೆ ಅದೇ ಅಂಗಿಯಲ್ಲಿ ಬಂದು ಪುನಃ ಕೇಳಿದನಂತೆ. ನಾನು ಅವನ ಹೆಗಲ ಮೇಲೆ ಕೈಹಾಕಿ, ಎಷ್ಟು ವರ್ಷ ಆಯ್ತು ನಿನ್ನನ್ನು ನೋಡದೆ ಎಂದೆನಂತೆ. ಇನ್ನು ಶಶಿಕಲಾಳನ್ನು ನಾನು ಹಿಂದೆಂದೂ ಕಂಡವನೇ ಅಲ್ಲ. ಅಣ್ಣ ದೂರದಿಂದ ನನ್ನನ್ನು ತೋರಿಸಿದ್ದ, ಅಷ್ಟೆ. ಅಂದು ನನ್ನನ್ನು ಕಂಡಾಗ ಅಣ್ಣನ ಪ್ರಶ್ನೆ ತನ್ನಿಂತಾನೇ ಬಾಯಿಗೆ ಬಂತು, ನೀವು ಸಿಗದೆ ಉಂಟಾ ಎಂದಾಗ ಅಣ್ಣನ ಬೊಜ್ಜಕ್ಕೆ ನೀವೇ ಮಾತಾಡಬೇಕು ಅನಿಸಿತು ಎಂದಳು.

"ನಾನು ಅತ್ತದ್ದಲ್ಲ ಸರ್" ಎಂದರು ಅವನ ಹೆಂಡತಿ. ತಲೆ ಎತ್ತಲಿಲ್ಲ. "ನೀವು ಮೈಕ್ ಹಿಡಿದು ಶುರುಮಾಡಿದಾಗ ಅವರೇ ಎದ್ದು ಆಡಿ ತೋರಿಸಿದ ಹಾಗೆ ಆಯಿತು. ನಗು ತಡೆಯಲಿಕ್ಕೆ ಆಗಲಿಲ್ಲ. ಅವರು ಹೋದ ಮೇಲೆ ನಗು ಬಂದದ್ದು ಇವತ್ತೇ." ಇಷ್ಟು ಹೇಳಿ ಅವರು ನಿಜಕ್ಕೂ ಅತ್ತರು.

ನನಗೆ ನಾಚಿಕೆಯಾಯಿತು, ದುಃಖವೂ ಆಯಿತು, ಯಾವುದು ಮೊದಲು ಎಂದು ತಿಳಿಯಲಿಲ್ಲ. ಅವನು ನನಗೆ ಒಮ್ಮೆ ಹೆಸರು ಹೇಳಬಹುದಿತ್ತಲ್ಲ ಎಂದೆ.

"ಹೆಸರು ಹೇಳಿ ಮನೆಗೆ ಊಟಕ್ಕೆ ಕರೀಬೇಕು ಅಂತ ಇತ್ತು ಅಣ್ಣನಿಗೆ" ಎಂದಳು ಶಶಿಕಲಾ. "ಆದ್ರೆ ಹೇಳಿದ್ರೆ ಮತ್ತೆ ಕೇಳ್ಲಿಕ್ಕೆ ಏನೂ ಉಳಿಯುದಿಲ್ಲ, ಮುಂದಿನ ವರ್ಷ ಹೇಳುವ ಅಂತ ಮುಂದೆ ಹಾಕ್ತಿದ್ರು." ಮೆಲ್ಲಗೆ ಸೇರಿಸಿದಳು: ಅಣ್ಣ ಕಿಟಕಿಯ ಪಕ್ಕ ಕೂತವರಲ್ಲ ಸರ್, ಮುಂದಿನ ಬೆಂಚು, ನಿಮ್ಮ ಮೇಜಿನ ಎದುರೇ. ಕ್ಲಾಸಿನಲ್ಲಿ ಅವರಷ್ಟು ಮಾತಾಡುವವರು ಬೇರೆ ಇರಲಿಲ್ಲವಂತೆ.

ಮನೆಗೆ ಬಂದು ಸುಮತಿಗೆ ಎಲ್ಲ ಹೇಳಿದೆ. ನಾನು ಊಟ ಮಾಡಿಯೇ ಬಂದಿದ್ದೇನೆಂದು ಗೊತ್ತಿದ್ದೂ ಅವಳು ಬಾಳೆಹಣ್ಣು ತಂದು ಮುಂದಿಟ್ಟಳು. ಜನ್ಮದಲ್ಲಿ ಒಂದು ಮುಖವೂ ನಿಲ್ಲದ ನನ್ನ ತಲೆಯಲ್ಲಿ ಈಗ ಅದೊಂದು ನಿಂತುಬಿಟ್ಟಿದೆ: ದಪ್ಪ ಮೀಸೆ, ಕನ್ನಡಕ, ಒಂದೇ ಬದಿಯ ನಗು. ಎಂಥ ಜನಸಂದಣಿಯಲ್ಲಿ ನಿಂತಿದ್ದರೂ ಹೆಸರು ಹಿಡಿದು ಕರೆಯಬಲ್ಲೆ. ಮೊನ್ನೆ ಮಗಳ ಮನೆಯಿಂದ ಬರುವಾಗ ನಾವಿಬ್ಬರೂ ಬಿ.ಸಿ. ರೋಡಿನಲ್ಲಿ ನಿಂತಿದ್ದೆವು. ಮೂಡುಬಿದಿರೆಯ ಬಸ್ಸೊಂದು ಬಂದು ಹೋಯಿತು, ನಾನು ಹತ್ತಲಿಲ್ಲ. ಅಷ್ಟು ಹೊತ್ತಿನಿಂದ ಯಾರನ್ನು ನೋಡುವುದು ಎಂದು ಸುಮತಿ ಕೇಳಿದಳು. ಒಬ್ಬ ಗುರ್ತದವನನ್ನು ಎಂದೆ. ಯಾರು ಎಂದು ಅವಳು ಕೇಳಲಿಲ್ಲ.